ಒಂದು ಜೋಡಿ ಕಟ್ಟಿಕೊಡಿ

ಏಳು ಸಮುದ್ರದಾಚೆ ಒಂದು ಗುಹೆ, ಗುಹೆಯೊಳಗೊಂದು ಪಂಜರ, ಆ ಪಂಜರದ ಗಿಳಿಯ ಕೊರಳಲ್ಲಿ ರಾಕ್ಷಸನ ಪ್ರಾಣ ಇರುತ್ತದಂತೆ. ಚೆಲುವರಾಜು ರಾಕ್ಷಸನಲ್ಲ, ಗಂಧದ ಡಿಪೋದಲ್ಲಿ ಟೆಂಪರವರಿ ಗುಮಾಸ್ತ. ಅವನ ಪ್ರಾಣ ಇದ್ದದ್ದು ಅಷ್ಟು ದೂರವೂ ಅಲ್ಲ. ಆ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಅದು ಸರ್ಕಾರಿ ಡಾಕ್ಟರ್ ಸದಾಶಿವಯ್ಯನವರ ಕೈಯ ಟೇಪಿನಲ್ಲಿ, ಇಪ್ಪತ್ತೊಂಬತ್ತಕ್ಕೂ ಮೂವತ್ತೊಂದಕ್ಕೂ ನಡುವಿನ ಎರಡು ಇಂಚಿನಲ್ಲಿ ಸಿಕ್ಕಿಕೊಂಡಿತ್ತು.

"ಉಸಿರು ಬಿಡಪ್ಪ," ಎಂದರು ಡಾಕ್ಟರು.

ಬಿಟ್ಟ. ಇಪ್ಪತ್ತೊಂಬತ್ತು.

"ಈಗ ಎಳ್ಕೊ."

ಚೆಲುವರಾಜು ಆಸ್ಪತ್ರೆಯ ಫಿನಾಯಿಲು ವಾಸನೆಯನ್ನೆಲ್ಲ ಒಂದೇ ಸಲಕ್ಕೆ ಒಳಗೆಳೆದುಕೊಂಡ. ಕಣ್ಣು ಹಿಗ್ಗಿತು, ಕೆನ್ನೆ ಹಿಗ್ಗಿತು, ಕಿವಿ ಕೂಡ ಒಂದಿಷ್ಟು ಅಗಲವಾದಂತೆ ಕಂಡಿತು. ಟೇಪು ಮಾತ್ರ ಇಪ್ಪತ್ತೊಂಬತ್ತರಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿತ್ತು.

"ಎಳ್ಕೊಳ್ಳಯ್ಯ ಅಂದ್ರೆ!"

"ಎಳ್ಕೊಂಡಿದೀನಿ ಸಾರ್."

"ಹಾಗಾದ್ರೆ ಒಳಗೆ ಹೋದ ಗಾಳಿ ಎಲ್ಲಿ ಹೋಯ್ತು?"

ಅದು ಚೆಲುವರಾಜುವಿಗೂ ತಿಳಿಯಲಿಲ್ಲ. ತಿಳಿಯದಿದ್ದಾಗಲೆಲ್ಲ ತಲೆಯಾಡಿಸುವುದು ಅವನ ಹುಟ್ಟುಗುಣ. ಆಡಿಸಿದ.

ಕಾಡು ಕಾಯುವವನಿಗೂ ಕಾಗದ ಕಾಯುವವನಿಗೂ ಅವನ ಇಲಾಖೆಯಲ್ಲಿ ಒಂದೇ ಅಳತೆ. ಎದೆ ಎರಡು ಇಂಚು ಹಿಗ್ಗಿದರೆ ಕೆಲಸ ಕಾಯಂ. ಹಿಗ್ಗದಿದ್ದರೆ ಒಂಬತ್ತು ತಿಂಗಳ ಮೈಸೂರು ವಾಸ ಮುಗಿಸಿ, ಟ್ರಂಕು ಹೊತ್ತುಕೊಂಡು ಹಳ್ಳಿಗೆ ಹೋಗಿ ಸೋದರಮಾವನ ಎಮ್ಮೆಗಳನ್ನು ಕಾಯಬೇಕು. ಎಮ್ಮೆಗಳು ಯಾರ ಎದೆಯನ್ನೂ ಅಳೆಯುತ್ತಿರಲಿಲ್ಲ.

"ಹದಿನೈದು ದಿನ ಕೊಟ್ಟಿದೀನಿ," ಎಂದು ಡಾಕ್ಟರು ಕಾಗದದಲ್ಲಿ ಬರೆದೇ ಬಿಟ್ಟರು. "ಮನೇಲಿ ಒಂದೆರಡು ಸಾಮಾನು ಇಟ್ಕೊಂಡು ದಿನಾ ಸಾಮು ಮಾಡು. ಹದಿನೈದನೇ ದಿನ ಬೆಳಿಗ್ಗೆ ಬಾ. ಮತ್ತೆ ಅಳೆಯೋಣ."

ಯಾವ ಸಾಮಾನು ಎಂದು ಕೇಳುವಷ್ಟರಲ್ಲಿ ಮುಂದಿನ ರೋಗಿ ಬಂದು ಅವನ ಜಾಗದಲ್ಲಿ ನಿಂತಿದ್ದ.

*

ಇಟ್ಟಿಗೆಗೂಡಿನ ವಠಾರದಲ್ಲಿ ಒಬ್ಬರಿಗೆ ಸೀನು ಬಂದರೆ ನಾಲ್ಕು ಮನೆಯಲ್ಲಿ ಕಷಾಯ ಕುದಿಯುತ್ತಿತ್ತು. ಚೆಲುವರಾಜು ಮನೆಯೊಡತಿ ಶಿವನಂಜಮ್ಮನ ಹತ್ತಿರ ಹೋಗಿ, "ಅಮ್ಮಾ, ನಿಮ್ಮ ಸೌದೆ ಕೋಣೆ ಹದಿನೈದು ದಿನ ಕೊಡ್ತೀರಾ? ವ್ಯಾಯಾಮದ ಸಾಮಾನು ಇಡ್ಬೇಕು," ಎಂದು ಕೇಳಿದ್ದೇ ತಡ, ಅವನ ಇಪ್ಪತ್ತೊಂಬತ್ತು ಇಂಚು ಇಡೀ ವಠಾರದ ಆಸ್ತಿಯಾಯಿತು.

"ಸಾಮಾನು ಕೊಂಡ್ಕೊಳ್ಳೋದು ಯಾಕೋ?" ಎಂದರು ಶಿವನಂಜಮ್ಮ. ಅರವತ್ತು ದಾಟಿದ್ದರೂ ಅವರ ತೋಳು ಇನ್ನೂ ಅರಮನೆ ಬಾಗಿಲ ಅಗುಳಿಯ ಹಾಗಿತ್ತು. "ನಲವತ್ತು ವರ್ಷ ಒನಕೆ ಹಿಡಿದೋಳು ನಾನು. ಇಕೋ ತಗೋ ಒನಕೆ. ಬರೀ ಒರಳು ಕುಟ್ಟಿದ್ರೆ ಒರಳು ಒಡೆಯುತ್ತೆ, ಈ ಮೆಣಸಿನಕಾಯಿ ಹಾಕ್ಕೊ."

ಚೆಲುವರಾಜು ಕುಟ್ಟಿದ. ಮೂರು ಸೇರು ಒಣಮೆಣಸಿನಕಾಯಿ ಮುಗಿಯುವ ಹೊತ್ತಿಗೆ ಅವನು ಎಪ್ಪತ್ತೆರಡು ಸಲ ಸೀನಿದ್ದ. ಪ್ರತಿ ಸೀನಿಗೂ ಎದೆ ಏನೋ ಹಿಗ್ಗುತ್ತಿತ್ತು, ಆದರೆ ಹಿಗ್ಗಿದ್ದು ಅಲ್ಲಿ ನಿಲ್ಲುತ್ತಿರಲಿಲ್ಲ. ಶಿವನಂಜಮ್ಮ ಖಾರದಪುಡಿಯನ್ನು ಜರಡಿ ಹಿಡಿದು ಡಬ್ಬಿಗೆ ತುಂಬುತ್ತಾ, "ಪರ್ವಾಗಿಲ್ಲ, ನಾಳೆ ಧನಿಯಾ," ಎಂದರು.

ಅಷ್ಟರಲ್ಲಿ ಎದುರು ಮನೆಯ ರಮಾಮಣಿ ಹಳೆಯ ವಾರಪತ್ರಿಕೆಯೊಂದನ್ನು ಹಿಡಿದು ಓಡಿಬಂದಳು. ಅದರ ಜಾಹೀರಾತಿನಲ್ಲಿ ಚಡ್ಡಿ ತೊಟ್ಟ ಗಂಡಸೊಬ್ಬ ಎರಡು ಹಿಡಿಗಳ ನಡುವೆ ಐದು ಸ್ಪ್ರಿಂಗುಗಳನ್ನು ಎಳೆದು ನಗುತ್ತಿದ್ದ.

"ನಮ್ಮೆಜಮಾನ್ರೂ ಮದುವೇಗೆ ಮುಂಚೆ ಇದನ್ನ ತರಿಸಿದ್ರು ಕಣ್ರೀ. ಅಟ್ಟದ ಮೇಲೆ ಹಾಗೇ ಇದೆ. ಈ ಚಿತ್ರದಲ್ಲಿರೋನ ಎದೆ ನೋಡಿ, ಗೋಡೆ ಹಾಗಿದೆ!"

"ನಿಮ್ಮ ಯಜಮಾನ್ರಿಗೂ ಹಾಗೇ ಆಯ್ತೇ?" ಎಂದು ಚೆಲುವರಾಜು ಆಸೆಯಿಂದ ಕೇಳಿದ.

"ಅವರಿಗೆ ಮದುವೆ ಆಯ್ತಲ್ಲ, ಬಿಟ್ಬಿಟ್ರು."

ಸ್ಪ್ರಿಂಗು ಅಟ್ಟದಿಂದ ಇಳಿಯಿತು. ಚೆಲುವರಾಜು ಅಂಗಳದ ನಡುವೆ ನಿಂತು ಎರಡೂ ಹಿಡಿಗಳನ್ನು ಹಿಡಿದು ಎಳೆದ. ಅಂಗೈಯಷ್ಟು ಅಗಲ ಬಂತು, ಗೇಣು ಬಂತು, ಮೊಳವೂ ಬಂತು. "ಬಂತು, ಬಂತು!" ಎಂದು ರಮಾಮಣಿ ಚಪ್ಪಾಳೆ ತಟ್ಟಿದಳು. ಇಷ್ಟು ವರ್ಷ ಅಟ್ಟದ ಮೇಲೆ ಮಲಗಿದ್ದ ಸ್ಪ್ರಿಂಗಿಗೆ ಚಪ್ಪಾಳೆಯ ಸದ್ದಿಗೆ ಎಚ್ಚರವಾಯಿತೋ ಏನೋ, ಅದು ಅವನ ಬಲಗೈಯನ್ನು ಬಿಟ್ಟು ಎಡಕ್ಕೆ ನೆಗೆಯಿತು. ಹಾರುವ ದಾರಿಯಲ್ಲಿ ಶರಟಿನ ಮೂರು ಗುಂಡಿಗಳನ್ನೂ ಎದೆಯ ಒಂದಿಷ್ಟು ಕೂದಲನ್ನೂ ಕಿತ್ತುಕೊಂಡು ಪರಂಗಿ ಮರಕ್ಕೆ ನೇತುಬಿತ್ತು. ಒಂದು ಪರಂಗಿಕಾಯಿ ಉದುರಿತು.

"ಥೂ, ಹೆಂಗಸರ ಮಾತು ಕೇಳ್ಕೊಂಡು ಯಾರಾದ್ರೂ ಸಾಮು ಮಾಡ್ತಾರಾ?" ಎಂದು ಮೂಲೆ ಮನೆಯ ವೃಷಭೇಂದ್ರಪ್ಪ ನಶ್ಯದ ಡಬ್ಬಿ ಮುಚ್ಚಿ ಎದ್ದರು. ಮೂವತ್ತು ವರ್ಷ ಡ್ರಿಲ್ ಮೇಷ್ಟರಾಗಿದ್ದವರು. ಈಗಲೂ ಹಾಲಿನವಳಿಗೆ "ಎಡಗಡೆ ತಿರುಗು" ಎನ್ನುತ್ತಿದ್ದರು. "ನೋಡು ಚೆಲುವರಾಜು, ಎದೆ ಹಿಗ್ಗೋಕೆ ಒಂದೇ ಸಾಮಾನು, ಕರೇಲ. ಮರದ ಗದೆ ಥರಾ ಇರುತ್ತೆ. ಕೈಗೊಂದು ಹಿಡಿದು ತಲೆ ಹಿಂದಿನಿಂದ ಗಿರಗಿರ ತಿರುಗಿಸ್ಬೇಕು. ಆದ್ಮೇಲೆ ಎಣ್ಣೆ ಒರೆಸಿ ಮೂಲೇಲಿ ಒರಗಿಸ್ಬೇಕು. ಎರಡೇ ವಾರ, ಎದೆ ನಗಾರಿ ಆಗುತ್ತೆ."

"ಎಲ್ಲಿ ಸಿಗುತ್ತೆ ಸಾರ್?"

"ನಜರ್‌ಬಾದಿನ ಗರಡಿಗೆ ಹೋಗು. ವಸ್ತಾದ್ ಶಿವಲಿಂಗಯ್ಯ ಇರ್ತಾರೆ. ಅಲ್ಲಿ ಹಳೇವು ಬೇಕಾದಷ್ಟು ಬಿದ್ದಿರ್ತವೆ. ಕರೇಲ ಅಂತ ಕೇಳ್ಬೇಡ, ಹೊಸಬ ಅಂತ ಒಡಕಲು ಕೊಟ್ಬಿಡ್ತಾರೆ. ಗರಡಿಯೋರ ಹಾಗೆ, 'ಒಂದು ಜೋಡಿ ಬೇಕು' ಅನ್ನು. ಮಿಕ್ಕಿದ್ದು ಅವರೇ ನೋಡ್ಕೋತಾರೆ."

*

ಮೇಷ್ಟರು ಹೇಳಿದ್ದು ಸುಳ್ಳಲ್ಲ. ಆದರೆ ಅಂದು ಎಂಥ ದಿನವೆಂಬುದು ಅವರಿಗೆ ಮರೆತುಹೋಗಿತ್ತು. ನವರಾತ್ರಿಯ ಕುಸ್ತಿಗೆ ಯಾವ ಪೈಲ್ವಾನನ ಎದುರು ಯಾವ ಪೈಲ್ವಾನ ಎಂದು ಮುಂಚೆಯೇ ಗೊತ್ತುಮಾಡುವ ದಿನವೊಂದಿರುತ್ತದೆ. ಅದಕ್ಕೆ ಜೋಡಿ ಕಟ್ಟುವುದು ಎಂದು ಹೆಸರು. ಮೈಸೂರಿನಲ್ಲಿ ತೊಟ್ಟಿಲ ಕೂಸಿಗೂ ಇದು ಗೊತ್ತು. ಗೊತ್ತಿಲ್ಲದವನು ಒಬ್ಬನೇ ಒಬ್ಬ, ಅವನು ಆಗಲೇ ಗರಡಿಯ ಹೊಸ್ತಿಲು ದಾಟಿದ್ದ.

ಒಳಗೆ ಎಣ್ಣೆ ಕುಡಿದ ಕೆಮ್ಮಣ್ಣಿನ ವಾಸನೆ. ಮೂಲೆಯಲ್ಲಿ ಕರೇಲಗಳು ಸಾಲಾಗಿ ನಿಂತಿದ್ದವು. ಅವುಗಳ ಮುಂದೆ ಹತ್ತಾರು ಪೈಲ್ವಾನರು ಗುಡ್ಡ ಗುಡ್ಡವಾಗಿ ಕೂತಿದ್ದರು. ಚೆಲುವರಾಜು ಅವರ ಹೆಗಲ ಸಂದಿನಿಂದ ಕರೇಲಗಳನ್ನು ನೋಡಿದ. ಇವನು ಪೈಲ್ವಾನರನ್ನು ತೂಗಿ ನೋಡುತ್ತಿದ್ದಾನೆ ಎಂದುಕೊಂಡರು ವಸ್ತಾದ್ ಶಿವಲಿಂಗಯ್ಯ. ಅವರ ಮೀಸೆ ಎರಡು ಕಿವಿಗೂ ಕಟ್ಟಿದ ತೋರಣದಂತಿತ್ತು.

"ಏನಾಗ್ಬೇಕಿತ್ತು?"

"ಒಂದು ಜೋಡಿ ಬೇಕಾಗಿತ್ತು."

ಪೈಲ್ವಾನರೆಲ್ಲ ಒಟ್ಟಿಗೆ ಅವನ ಕಡೆ ತಿರುಗಿದರು.

"ಯಾರ್ಗೆ?"

"ನನಗೇ."

ವಸ್ತಾದರು ಅವನನ್ನು ಕಾಲಿನಿಂದ ತಲೆವರೆಗೆ ನೋಡಿದರು. ನೋಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. "ತೂಕ ಎಷ್ಟಿರ್ಬೇಕು?"

"ಸ್ವಲ್ಪ ಭಾರವಾಗೇ ಇರ್ಲಿ ಸ್ವಾಮಿ. ಹಗುರವಾದ್ದನ್ನ ಎತ್ತಿ ಏನು ಪ್ರಯೋಜನ?"

ಹಿಂದೆ ಯಾರೋ "ಅಬ್ಬಾ!" ಎಂದರು.

"ಒಸದಾ, ಪಳಗಿದ್ದಾ?"

"ಪಳಗಿದ್ದೇ ಒಳ್ಳೇದು. ಹಿಡಿಯೋಕೆ ಸಲೀಸಾಗಿರುತ್ತೆ."

ವಸ್ತಾದರ ಮೀಸೆ ಸ್ವಲ್ಪ ಅಲುಗಿತು. "ಮನೇಲಿ ಸಾಮು ಎಂಗೆ ಮಾಡೀರಿ?"

ಚೆಲುವರಾಜು ಮೇಷ್ಟರು ಹೇಳಿಕೊಟ್ಟದ್ದನ್ನು ಪಾಠ ಒಪ್ಪಿಸಿದ. "ಬೆಳಿಗ್ಗೆ ಎದ್ದು ಕೈಗೊಂದು ಹಿಡಿದು ತಲೆ ಹಿಂದಿನಿಂದ ಗಿರಗಿರ ತಿರುಗಿಸೋದು. ಆದ್ಮೇಲೆ ಎಣ್ಣೆ ಒರೆಸಿ ಮೂಲೇಲಿ ಒರಗಿಸ್ಬಿಡೋದು."

"ಕೈಗೊಬ್ಬನ್ನಂತೆ ಕಣ್ಲಾ," ಎಂದು ಹಿಂದಿನ ಸಾಲಿನ ಪೈಲ್ವಾನನೊಬ್ಬ ಪಕ್ಕದವನ ಕಿವಿಯಲ್ಲಿ ಪಿಸುಗುಟ್ಟಿದ. "ಮೂಲೇಲಿ ಬ್ಯಾರೆ ಒರಗಿಸ್ತಾನಂತೆ."

"ಅಂಗಾರೆ ಒಂದೈತೆ," ಎಂದರು ವಸ್ತಾದರು ಗಡ್ಡ ಸವರಿಕೊಂಡು. "ಇಲವಾಲದ್ದು. ಮೂರು ವರ್ಸದಿಂದ ಸುಮ್ನೆ ಬಿದ್ದೈತೆ, ಮುಟ್ಟೋಕೂ ಯಾರ್ಗೂ ದಮ್ಮಿಲ್ಲ. ಇನ್ನೂರ ಹದಿನಾಲ್ಕು ಪೌಂಡು. ದೇವರಾಜು ಅಂತ."

ಅಷ್ಟೊಂದು ಪೌಂಡು ಯಾಕೆಂದು ಚೆಲುವರಾಜುವಿಗೆ ಗೊಂದಲವಾಯಿತು. ಗರಡಿಯ ಪೌಂಡು ಚಿಕ್ಕದಿರಬಹುದು ಎಂದುಕೊಂಡ. ದೇವರಾಜು ಯಾರೆಂದೂ ತಿಳಿಯಲಿಲ್ಲ. ಮಾಡಿದ ಬಡಗಿಯ ಹೆಸರಿರಬಹುದು ಎಂದುಕೊಂಡ. ತಲೆಯಾಡಿಸಿದ.

"ಜೋಡಿ ಕಟ್ಟಿಬುಡ್ಲಾ?"

"ಕಟ್ಟಿಕೊಡಿ. ಗಟ್ಟಿಯಾಗಿ ಕಟ್ಟಿ, ನಡುವೆ ಬಿಚ್ಕೋಬಾರ್ದು."

"ಶಿವಲಿಂಗಯ್ಯ ಕಟ್ಟಿದ್ದು ಇಲ್ಲೀಗಂಟ ಬಿಚ್ಚಿಲ್ಲ!" ಎಂದು ವಸ್ತಾದರು ತೊಡೆ ತಟ್ಟಿದರು. ತಮಟೆ ಢಣಢಣ ಎಂದಿತು. ಯಾರೋ ಅವನ ಹೆಸರು, ಬೀದಿ ಬರೆದುಕೊಂಡರು. ಯಾರೋ ಹಣೆಗೆ ಕುಂಕುಮ ಹಚ್ಚಿದರು. ವಸ್ತಾದರು ಎರಡೂ ಕೈಯಿಂದ ವೀಳ್ಯ ಕೊಟ್ಟರು. ಚೆಲುವರಾಜು ಹಬ್ಬದ ಮುಂದಿನ ಮರ್ಯಾದೆ ಇರಬೇಕೆಂದು ಅದನ್ನು ಅಲ್ಲೇ ಬಾಯಿಗೆ ಹಾಕಿಕೊಂಡು ಜೇಬಿಗೆ ಕೈ ಹಾಕಿದ.

"ಛೆ ಛೆ! ನೀವೇನೂ ಕೊಡಂಗಿಲ್ಲ. ಎತ್ತಿ ಒಗೆದ್ರೆ ನಾವೇ ನಿಮ್ಗೆ ಕೊಡ್ತೀವಿ."

"ಹಾಗಾದ್ರೆ ಜೋಡಿ?"

"ಇವತ್ತಿಗೆ ಹದಿನಾಲ್ಕನೇ ದಿನ ಸಂಜೆ."

"ಅಷ್ಟು ತಡವಾ? ಒಯ್ಯೋಕೆ ನಾನೇ ಬರ್ಬೇಕಾ?"

"ನೀವು ಬಂದ್ರೆ ಸಾಕು," ಎಂದರು ವಸ್ತಾದರು ಗಂಭೀರವಾಗಿ. "ಒಯ್ಯೋಕೆ ನಾಕು ಆಳು ನಾವೇ ಮಡಗಿರ್ತೀವಿ."

*

"ಜೋಡಿ ಎಲ್ಲೋ?" ಎಂದರು ಶಿವನಂಜಮ್ಮ, ಅವನ ಬರಿಗೈ ನೋಡಿ.

"ಕಟ್ಟಿದಾರೆ ಅಮ್ಮ. ಇಲವಾಲದ್ದು."

"ಇಲವಾಲದ್ದಾ? ಹಣೇಲಿ ಕುಂಕುಮ, ಬಾಯಲ್ಲಿ ವೀಳ್ಯ!" ಶಿವನಂಜಮ್ಮನ ಕಣ್ಣು ಅರಳಿತು. "ಏ ರಮಾಮಣಿ, ಬಾರೇ ಇಲ್ಲಿ. ಸಾಮಾನು ತರ್ತೀನಿ ಅಂತ ಹೋದೋನು ಹೆಣ್ಣು ಗೊತ್ತು ಮಾಡ್ಕೊಂಡು ಬಂದವ್ನೆ! ಹುಡುಗಿ ಎತ್ತರವೇನಪ್ಪ?"

"ಹುಡುಗಿ ಅಲ್ಲ ಅಮ್ಮ, ಜೋಡಿ. ಇನ್ನೂರ ಹದಿನಾಲ್ಕು ಪೌಂಡಂತೆ."

"ಅಯ್ಯೋ ಶಿವನೇ, ಅಷ್ಟು ದಪ್ಪನಾ?"

ವೃಷಭೇಂದ್ರಪ್ಪನವರು ಮೂಗಿನ ಹತ್ತಿರ ಒಯ್ದಿದ್ದ ನಶ್ಯ ಅಲ್ಲೇ ನಿಂತಿತು. "ಏನಂದೆ? ಇನ್ನೂರ ಹದಿನಾಲ್ಕಾ? ಹೆಸರೇನಾದ್ರೂ ಹೇಳಿದ್ರಾ?"

"ದೇವರಾಜು ಅಂತ. ಬಡಗಿ ಹೆಸರಿರ್ಬೇಕು ಸಾರ್."

ನಶ್ಯ ನೆಲಕ್ಕೆ ಬಿತ್ತು. "ಬಡಗಿ ಅಲ್ಲ ಕಣೋ, ಪೈಲ್ವಾನ! ಇಲವಾಲದ ದೇವರಾಜು! ಮೂರು ವರ್ಷದ ಹಿಂದೆ ಒಬ್ಬನ್ನ ಎತ್ತಿ ಒಗೆದ, ಅವನು ಕುಸ್ತಿ ಮಟ್ಟಿಯಿಂದ ಹಾರಿ ಟಿಕೆಟ್ ಹರಿಯೋನ ಮೇಲೆ ಬಿದ್ದ. ಅಯ್ಯೋ, ಇವತ್ತು ಜೋಡಿ ಕಟ್ಟೋ ದಿನ ಅನ್ನೋದೇ ಮರೆತ್ನಲ್ಲಪ್ಪ ನಾನು!"

ಎಲ್ಲ ಬಿಡಿಸಿ ಹೇಳಿದ ಮೇಲೆ ಚೆಲುವರಾಜು ಸೌದೆ ಕೋಣೆಯ ಹೊಸ್ತಿಲ ಮೇಲೆ ಕುಸಿದು ಕೂತ. ರಾಜಕುಮಾರರು ರಾಕ್ಷಸರ ಮೇಲೆ ಯುದ್ಧಕ್ಕೆ ಹೋಗುವ ಕತೆಗಳನ್ನು ಅವನೂ ಕೇಳಿದ್ದ. ಆ ರಾಜಕುಮಾರರು ಯಾರೂ ಗುಮಾಸ್ತರಾಗಿರಲಿಲ್ಲ.

"ವೀಳ್ಯ ವಾಪಸ್ ಕೊಟ್ಬಿಡು," ಎಂದಳು ರಮಾಮಣಿ.

"ತಿಂದ್ಬಿಟ್ಟೆ."

"ಸುಣ್ಣಾನೂ?"

"ಸುಣ್ಣಾನೂ."

"ತಿಂದ ವೀಳ್ಯಕ್ಕೆ ವಾಪಸ್ಸಿಲ್ಲ," ಎಂದರು ಮೇಷ್ಟರು. "ಎದುರಾಳಿಯಾದ್ರೂ ತನ್ನ ವೀಳ್ಯ ವಾಪಸ್ ಕೊಟ್ರೆ ಜೋಡಿ ಬಿಚ್ಚುತ್ತೆ. ಆದರೆ ದೇವರಾಜು ಯಾಕೆ ಕೊಡ್ತಾನೆ? ಇನ್ನೊಂದು ದಾರಿ ಇದೆ. ಇವತ್ತು ಐದೂವರೆಗೆ ಗರಡೀಲಿ ಡಾಕ್ಟರು ಎಲ್ಲರನ್ನೂ ಪರೀಕ್ಷೆ ಮಾಡ್ತಾರೆ. ಅವರು 'ಈತನಿಗೆ ಆಗೋದಿಲ್ಲ' ಅಂತ ಬರೆದ್ರೆ ಬಿಟ್ಬಿಡ್ತಾರೆ."

ಚೆಲುವರಾಜು ಎದ್ದು ನಿಂತ. ಬೆಳಿಗ್ಗೆಯಿಂದ ಮೊದಲ ಸಲ ಅವನ ಮುಖದಲ್ಲಿ ನಗು ಬಂತು. "ಆಗೋದಿಲ್ಲ ಅಂತ ಬರೆಸ್ಕೊಳ್ಳೋದು ನನಗೆ ಕಷ್ಟವೇ ಅಲ್ಲ ಸಾರ್. ಬೆಳಿಗ್ಗೆ ತಾನೇ ಬರೆಸ್ಕೊಂಡು ಬಂದಿದೀನಿ!" ಎಂದು ಚಪ್ಪಲಿ ಮೆಟ್ಟದೆಯೇ ಓಡಿದ.

*

ಗರಡಿಯಲ್ಲಿ ಟೇಪು ಹಿಡಿದು ಕೂತಿದ್ದವರು ಸದಾಶಿವಯ್ಯನವರೇ.

"ನೀನಾ?" ಎಂದರು ಡಾಕ್ಟರು, ಪಟ್ಟಿಯಲ್ಲಿದ್ದ ಹೆಸರನ್ನೂ ಎದುರಿಗಿದ್ದವನನ್ನೂ ಮೂರು ಸಲ ನೋಡಿ. "ವ್ಯಾಯಾಮ ಮಾಡು ಅಂದ್ರೆ ಯುದ್ಧಕ್ಕೇ ಹೊರಟೆಯಲ್ಲಯ್ಯ!"

"ಸಾರ್, ನನಗೆ ಆಗೋದಿಲ್ಲ ಅಂತ ಬರೆದುಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಬರೀತೀನಪ್ಪ, ನನಗೇನು. ಆದರೆ ಇವತ್ತು ಇಷ್ಟು ಜನದ ಮುಂದೆ 'ಈತನ ಎದೆ ಕೆಲಸಕ್ಕೆ ಬಾರದು' ಅಂತ ರುಜು ಹಾಕಿದ್ರೆ, ಹದಿನೈದು ದಿನದಲ್ಲಿ ಅದೇ ಎದೆ ನೌಕರಿಗೆ ಲಾಯಕ್ಕು ಅಂತ ಯಾವ ಮುಖ ಇಟ್ಕೊಂಡು ಬರೀಲಿ? ಒಂದೇ ಎದೆಗೆ ಎರಡು ಅಳತೆ ಹೊಲಿಯೋಕೆ ನಾನೇನು ದರ್ಜಿನಾ?"

ಚೆಲುವರಾಜು ಲೆಕ್ಕ ಹಾಕಿದ. ಉಸಿರು ಎಳೆದರೆ ಕುಸ್ತಿ. ಎಳೆಯದಿದ್ದರೆ ಎಮ್ಮೆ. ಒಂದು ಕಡೆ ಇಲವಾಲದ ದೇವರಾಜು ತೊಡೆ ತಟ್ಟುತ್ತಿದ್ದ, ಇನ್ನೊಂದು ಕಡೆ ಮಾವನ ಕರಿ ಎಮ್ಮೆ ಮೆಲುಕು ಹಾಕುತ್ತಿತ್ತು. ಎಮ್ಮೆ ಒಗೆಯುವುದಾದರೆ ಅಷ್ಟು ದೂರ ಒಗೆಯಲಾರದು. ಜೀವವಿದ್ದರೆ ಎಮ್ಮೆಯನ್ನಾದರೂ ಕಾಯಬಹುದು. ಅವನು ನಿರ್ಧಾರ ಮಾಡಿದ.

"ಅಳೀರಿ ಸಾರ್."

"ಉಸಿರು ಬಿಡು." ಇಪ್ಪತ್ತೊಂಬತ್ತು. "ಈಗ ಎಳ್ಕೊ."

ಚೆಲುವರಾಜು ತುಟಿ ಬಿಗಿದ. ಮೂಗನ್ನೂ ಒಳಗಿನಿಂದಲೇ ಮುಚ್ಚಿಕೊಂಡ. ಒಂದು ಚೂರು ಗಾಳಿಯೂ ಹೋಗದಂತೆ ಮೈಯೆಲ್ಲ ಬೀಗ ಹಾಕಿ ನಿಂತ. ಟೇಪು ಕದಲಲಿಲ್ಲ. ಡಾಕ್ಟರು ತಲೆಯಾಡಿಸಿ, ಟೇಪು ಬಿಡದೆಯೇ ಹಲ್ಲಿನಿಂದ ಪೆನ್ನಿನ ಮುಚ್ಚಳ ತೆಗೆದರು.

ಆಗ ಹಿಂದಿನಿಂದ ಅವನ ಹೆಗಲ ಮೇಲೆ ಕೈಯೊಂದು ಬಂದು ಕೂತಿತು. ಹೆಗಲಿನಾಚೆಗೂ ಸಾಕಷ್ಟು ಕೈ ಉಳಿದಿತ್ತು.

"ಅಣ್ಣಾ, ಕೈಗೊಬ್ಬನ್ನ ಹಿಡಿದು ತಿರುಗಿಸೋರು ನೀವೇನಾ?"

ಚೆಲುವರಾಜು ತಿರುಗಿ ನೋಡಿದ. ಮೊದಲು ಹೊಟ್ಟೆ ಕಂಡಿತು, ಆಮೇಲೆ ಎದೆ. ಮುಖ ಬರುವಷ್ಟರಲ್ಲಿ ಅವನ ಕತ್ತು ನೋಯಿತು. "ಹಾಆಆ!" ಎಂದು ಅವನ ಬಾಯಿ ತಾನಾಗಿ ತೆರೆಯಿತು. ಹುಟ್ಟಿದಾಗಿನಿಂದ ಒಳಗೆ ಹೋಗದಿದ್ದ ಗಾಳಿಯೆಲ್ಲ ಆ ಒಂದು ಗಳಿಗೆಯಲ್ಲಿ ಒಳಗೆ ನುಗ್ಗಿತು.

"ಮೂವತ್ತೊಂದೂಕಾಲು!" ಡಾಕ್ಟರು ಕುರ್ಚಿಯಿಂದ ಎದ್ದರು. "ಭಲೇ! ಲಾಯಕ್ಕು!" ಪೆನ್ನು ಸರಸರ ಓಡಿತು, ರುಜುವೂ ಬಿತ್ತು.

"ಬೇಡಿ ಸಾರ್, ಅದು ನಾನು ಎಳ್ಕೊಂಡಿದ್ದಲ್ಲ..."

ದೇವರಾಜು ಅವನ ಪಕ್ಕದಲ್ಲಿ ಮಂಡಿಯೂರಿ ಕೂತ. ಈಗ ಇಬ್ಬರೂ ಸಮ ಎತ್ತರವಾದರು. ಅವನ ದನಿ ಮಗುವಿನಂತೆ ಮೆತ್ತಗಿತ್ತು.

"ವೀಳ್ಯ ತಂದೋನು ನಿಮ್ಮ ಸಮಾಚಾರ ಹೇಳಿದಾಗಿಂದ ನಂಗೆ ಮುದ್ದೆ ಗಂಟ್ಲಲ್ಲಿ ಇಳೀಲಿಲ್ಲ ಕಣಣ್ಣ. ಅದ್ಯಾವ ಮಂತ್ರಗಾರನೋ, ಎಣ್ಣೆ ಒರೆಸಿ ಮೂಲೇಲಿ ಒರಗಿಸ್ತಾನಂತಲ್ಲ ಅಂತ ಜೀವ ಪುಕಪುಕ ಅಂತಿತ್ತು. ವಸ್ತಾದ್ರಿಗೆ ವೀಳ್ಯ ವಾಪಸ್ ಕೊಟ್ಬುಡಾನ ಅಂತ ಬಂದೆ." ಅಂಗೈ ಬಿಡಿಸಿದ. ಬೆವರಿನಲ್ಲಿ ನೆನೆದ ವೀಳ್ಯ ಇನ್ನೂ ಮಡಿಸಿದ ಹಾಗೇ ಇತ್ತು.

ಚೆಲುವರಾಜುವಿನ ಕಣ್ಣು ಹೊಳೆಯಿತು. "ಕೊಟ್ಬಿಡಪ್ಪ! ಈಗಲೇ ಕೊಟ್ಬಿಡು!"

"ಇಲ್ಲ ಅಣ್ಣ," ಎಂದ ದೇವರಾಜು ಕೃತಜ್ಞತೆಯಿಂದ. "ಈಗ ನಿಮ್ಮನ್ನ ಕಣ್ಣಾರೆ ನೋಡಿದ್ನಲ್ಲ, ಧೈರ್ಯ ಬಂತು." ವೀಳ್ಯವನ್ನು ಬಾಯಿಗೆ ಹಾಕಿಕೊಂಡು ನೆಮ್ಮದಿಯಿಂದ ಅಗಿಯತೊಡಗಿದ.

ಉಳಿದದ್ದು ಒಂದೇ ಆಸೆ. ಚೆಲುವರಾಜು ಡಾಕ್ಟರ ಕಡೆ ತಿರುಗಿದ. "ಸಾರ್, ಮೂವತ್ತೊಂದೂಕಾಲು ಬಂತಲ್ಲ. ನೌಕರಿ ಕಾಗದಕ್ಕೂ ಅದನ್ನೇ ಬರ್ಕೊಂಡುಬಿಡ್ತೀರಾ?"

"ಅದು ಹೇಗಾಗುತ್ತಯ್ಯ? ಅದರಲ್ಲಿ ಹದಿನೈದನೇ ದಿನ ಅಂತ ಬರೆದಾಗಿದೆ. ನಿನ್ನ ಕುಸ್ತಿ ಹದಿನಾಲ್ಕನೇ ದಿನ ಸಂಜೆ ತಾನೇ?" ಡಾಕ್ಟರು ಟೇಪನ್ನು ಸುರುಳಿ ಸುತ್ತಿ ಜೇಬಿಗೆ ಹಾಕಿದರು. "ಮಾರನೇ ಬೆಳಿಗ್ಗೆ ಬಾ. ಎಷ್ಟು ಉಳಿದಿರುತ್ತೋ ಅಷ್ಟನ್ನ ಅಳೆಯೋಣ."

ದೀಪ ಹಚ್ಚುವ ಹೊತ್ತಿಗೆ ಇಟ್ಟಿಗೆಗೂಡಿನ ವಠಾರದ ಬಾಗಿಲು ಕತ್ತಲಾಯಿತು. ಶಿವನಂಜಮ್ಮ ಹಣತೆ ಎತ್ತಿ ನೋಡಿದರು. ಚೆಲುವರಾಜು ತಲೆ ತಗ್ಗಿಸಿಕೊಂಡು ಬರುತ್ತಿದ್ದ. ಸಾಮು ಮಾಡಲೆಂದು ವಸ್ತಾದರು ಪ್ರೀತಿಯಿಂದ ಕೊಟ್ಟ ಎರಡು ಕರೇಲಗಳನ್ನು ಅವನು ಎತ್ತಲಾರದೆ ಹೋದದ್ದರಿಂದ, ಹೆಗಲಿಗೊಂದರಂತೆ ಅವುಗಳನ್ನು ಹೊತ್ತು ಹಿಂದೆ ದೇವರಾಜು ಬಂದು ನಿಂತಿದ್ದ.

"ಅಂತೂ ಜೋಡಿ ತಂದ್ಯಾ?" ಎಂದರು ಶಿವನಂಜಮ್ಮ. ಅವರ ಕಣ್ಣು ಕರೇಲಗಳ ಮೇಲಿರಲಿಲ್ಲ. ಬಾಗಿಲ ಮೇಲ್ಪಟ್ಟಿಗೆ ತಲೆ ತಾಗದಂತೆ ಬಗ್ಗಿ ಒಳಬರುತ್ತಿದ್ದ ದೇವರಾಜುವನ್ನು ಕೆಳಗಿನಿಂದ ಮೇಲಿನವರೆಗೆ ಅಳೆದು, ಅವರು ಬೇಸರದಿಂದ ತಲೆಯಾಡಿಸಿದರು. "ಇದು ನನ್ನ ಸೌದೆ ಕೋಣೇಲಿ ಹಿಡಿಯೋದಿಲ್ಲ ಕಣಪ್ಪ."